ಐಸಿಯು ರೋಗಿಯನ್ನು ಕೂರಿಸುವುದು, ನಿಲ್ಲಿಸುವುದು, ನಡೆಸುವುದು: ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಹತ್ತು ದಿನ ವೆಂಟಿಲೇಟರ್ ಮೇಲಿದ್ದವರ ಹೊದಿಕೆ ಸರಿಸಿ ತೊಡೆ ಮುಟ್ಟಿ ನೋಡಿ. ಗದ್ದೆಯಲ್ಲಿ ದಿನವಿಡೀ ಬಗ್ಗಿ ದುಡಿದ ಗಟ್ಟಿ ಕಾಲೂ ಜೋಲು ಬಿದ್ದಿರುತ್ತದೆ. ಲಂಡನ್ನಿನಲ್ಲಿ 63 ಐಸಿಯು ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೊಡೆಯ ಮುಂಭಾಗದ ಸ್ನಾಯು ಹತ್ತನೇ ದಿನಕ್ಕೆ ಶೇ 17.7ರಷ್ಟು ಸಣ್ಣದಾಗಿತ್ತು. ಜೀವ ಉಳಿದ ಮೇಲೂ ಬಚ್ಚಲಿಗೆ ಒಬ್ಬರೇ ಹೋಗಲಾಗದೆ ತಿಂಗಳುಗಟ್ಟಲೆ ನರಳುವವರಲ್ಲಿ ಬಹಳ ಜನರ ಕಷ್ಟ ಶುರುವಾಗುವುದು ಇಲ್ಲಿಂದಲೇ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಫಿಜಿಯೋಥೆರಪಿಸ್ಟ್‌ಗಳು, ಐಸಿಯು ಸಿಸ್ಟರ್‌ಗಳು, ಡ್ಯೂಟಿ ಡಾಕ್ಟರ್‌ಗಳಿಗಾಗಿ ಇದನ್ನು ಬರೆದಿದೆ. ರೋಗಿಯ ಮನೆಯವರು ಓದಿ ತಿಳಿದುಕೊಳ್ಳಬಹುದು. ಆದರೆ ಐಸಿಯು ಒಳಗೆ ಚಿಕಿತ್ಸೆ ಕೊಡುತ್ತಿರುವ ತಂಡ ಒಪ್ಪದೆ ಯಾವುದನ್ನೂ ತಾವಾಗಿ ಮಾಡಬಾರದು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಮೂರು ಜೊತೆ ಕೈ, ಗಟ್ಟಿ ಕುರ್ಚಿ, ನಾಲ್ಕು ದಿಂಬು, ಒಂದು ಕಾಲುಮಣೆ, ವಾಕರ್, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಒಂದು ಸಣ್ಣ ಆಕ್ಸಿಜನ್ ಸಿಲಿಂಡರ್ ಇದ್ದರೆ ಸಾಕು.

ಬೇಗ ಶುರು ಮಾಡಿ, ಅತಿ ಮಾಡಬೇಡಿ

2009ರಲ್ಲಿ ಅಮೆರಿಕದಲ್ಲಿ ವೆಂಟಿಲೇಟರ್ ಮೇಲಿದ್ದ 104 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ನಿದ್ದೆ ಔಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿ, ಎಚ್ಚರವಾದಾಗ ವ್ಯಾಯಾಮ ಮಾಡಿಸಿದವರಲ್ಲಿ ಶೇ 59 ಮಂದಿ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಗೆ ಬಂದಿದ್ದರು. ಇನ್ನೊಂದು ಗುಂಪಿನಲ್ಲಿ ಅಂಥವರು ಶೇ 35. ಆದರೆ 2022ರಲ್ಲಿ 750 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗ ಇನ್ನೊಂದು ಪಾಠ ಹೇಳಿತು. ದಿನಕ್ಕೆ ಸರಾಸರಿ 20.8 ನಿಮಿಷ ವ್ಯಾಯಾಮ ಮಾಡಿಸಿದ ಗುಂಪಿಗೆ 8.8 ನಿಮಿಷದ ಗುಂಪಿಗಿಂತ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ಬಿಪಿ ಏರುಪೇರು, ಎದೆಬಡಿತದ ತೊಂದರೆಯಂಥವು ಮಾತ್ರ ಶೇ 4.1ರಿಂದ 9.2ಕ್ಕೆ ಏರಿದವು. ಹಾಗಾಗಿ ದಿನ ತಪ್ಪಿಸದೆ, ರೋಗಿ ತಾಳುವಷ್ಟೇ ಮಾಡಿಸಿ. ಎರಡು ದಿನ ಬಿಟ್ಟು ಮೂರನೇ ದಿನ ಅರ್ಧ ಗಂಟೆ ದಣಿಸುವುದಕ್ಕಿಂತ ದಿನಾ ಎರಡು ಹೊತ್ತು ಹತ್ತು ಹತ್ತು ನಿಮಿಷ ಮೇಲು.

ಹಂತ 1: ಮಂಚ ಮುಟ್ಟುವ ಮುಂಚೆ ಅಂಕಿ ನೋಡಿ

ಬೆಳಗಿನ ರೌಂಡ್ಸ್‌ನಲ್ಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ: ಇವತ್ತು ಈ ರೋಗಿಯನ್ನು ಎಲ್ಲಿಯವರೆಗೆ ಒಯ್ಯಬಹುದು, ಮಂಚದಲ್ಲೇ, ಅಂಚಿಗೆ, ಇಲ್ಲ ಕುರ್ಚಿಗೆ? ಮಂಚದಿಂದ ಎಬ್ಬಿಸುವುದಾದರೆ ಸಾಮಾನ್ಯವಾಗಿ ಇಷ್ಟು ಸರಿಯಿರಬೇಕು:

- ವೆಂಟಿಲೇಟರ್ ಆಕ್ಸಿಜನ್ ಶೇ 60 ಮೀರಿರಬಾರದು, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಯಂತ್ರ ಉಳಿಸುವ ಒತ್ತಡ) 10 ಅಥವಾ ಕಡಿಮೆ
- ಆಕ್ಸಿಜನ್ ಸ್ಯಾಚುರೇಶನ್ 90 ಅಥವಾ ಹೆಚ್ಚು, ಉಸಿರು ನಿಮಿಷಕ್ಕೆ 30ರೊಳಗೆ
- ಸರಾಸರಿ ಬಿಪಿ (ಮಾನಿಟರಿನಲ್ಲಿ ಎಂಎಪಿ) 65ರಿಂದ 110ರ ನಡುವೆ. ಬಿಪಿ ಏರಿಸುವ ಔಷಧದ ಡೋಸ್ ಏರುತ್ತಿರಬಾರದು
- ಎದೆಬಡಿತ 40ಕ್ಕಿಂತ ಹೆಚ್ಚು, 130ಕ್ಕಿಂತ ಕಡಿಮೆ

ರಕ್ತಸ್ರಾವ ನಿಲ್ಲದಿದ್ದರೆ, ಎದೆನೋವು ಅಥವಾ ಇಸಿಜಿಯಲ್ಲಿ ಹೊಸ ಬದಲಾವಣೆ ಇದ್ದರೆ, ತಲೆಯೊಳಗಿನ ಒತ್ತಡ ಏರಿದ್ದರೆ, ಬೆನ್ನುಮೂಳೆ ಭದ್ರವೆಂದು ಖಚಿತವಾಗದಿದ್ದರೆ ಎಬ್ಬಿಸಬೇಡಿ. ಬಾಯಲ್ಲಿ ಉಸಿರಿನ ಟ್ಯೂಬ್ ಇದೆ ಎನ್ನುವುದೊಂದೇ ಕಾರಣಕ್ಕೆ ಮಾತ್ರ ರೋಗಿಯನ್ನು ಮಲಗಿಸಿಟ್ಟಿರುವುದು ತಪ್ಪು. ಟ್ಯೂಬ್ ಇರುವವರನ್ನೂ ಕೂರಿಸಬಹುದು.

ಹಂತ 2: ಐದು ಮಾತು ಕೇಳಿ

ರೋಗಿಗೆ ಹೇಳಿದ್ದು ಅರ್ಥವಾಗುತ್ತಿದೆಯೇ ಎಂದು ತಿಳಿಯಲು ಐದು ಸೂಚನೆ ಸಾಕು: ಕಣ್ಣು ಬಿಟ್ಟು ಮುಚ್ಚಿ, ನನ್ನನ್ನು ನೋಡಿ, ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿ, ತಲೆ ಆಡಿಸಿ, ನಾನು ಐದು ಎಣಿಸಿದ ಮೇಲೆ ಹುಬ್ಬು ಏರಿಸಿ. ಮೂರಕ್ಕಾದರೂ ಸ್ಪಂದಿಸಿದರೆ ಅವರಿಂದಲೇ ವ್ಯಾಯಾಮ ಮಾಡಿಸಬಹುದು. ಐದಕ್ಕೂ ಸ್ಪಂದಿಸಿದರೆ ಸ್ನಾಯುಬಲ ಅಳೆಯಬಹುದು.

ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿಯ ಅನೇಕ ಮನೆಗಳಲ್ಲಿ ಉರ್ದು. ನಿದ್ದೆ ಔಷಧದ ಮಂಪರಿನಲ್ಲಿರುವವರಿಗೆ ಮನೆಯ ಮಾತೇ ಮೊದಲು ಕಿವಿಗೆ ಹತ್ತುವುದು. ಕನ್ನಡದಲ್ಲಿ ಕೇಳಿ ಉತ್ತರ ಬರಲಿಲ್ಲವೆಂದು "ಪ್ರಜ್ಞೆ ಇಲ್ಲ" ಎಂದು ಬರೆಯುವ ಮುಂಚೆ ಮಗನನ್ನೋ ಸೊಸೆಯನ್ನೋ ಒಳಗೆ ಕರೆಸಿ ಅವರಿಂದಲೇ ಕೇಳಿಸಿ. ಕನ್ನಡಕ, ಕಿವಿಯ ಮಿಷನ್ ಇದ್ದರೆ ಹಾಕಿ. "ತಾತ, ಈಗ ಎದ್ದು ಕೂತ್ಕೊಳೋಣ್ವಾ? ನಾವು ಮೂರು ಜನ ಹಿಡ್ಕೊಂಡಿರ್ತೀವಿ, ಬೀಳಲ್ಲ" ಎಂದು ಮುಂಚೆಯೇ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಬಲ ಅಳೆಯುವುದು ಹೀಗೆ: ಭುಜ ಪಕ್ಕಕ್ಕೆ ಎತ್ತುವುದು, ಮೊಣಕೈ ಮಡಿಸುವುದು, ಮಣಿಕಟ್ಟು ಮೇಲಕ್ಕೆತ್ತುವುದು, ಸೊಂಟದಿಂದ ತೊಡೆ ಎತ್ತುವುದು, ಮಂಡಿ ನೀಡುವುದು, ಪಾದ ಮೇಲಕ್ಕೆತ್ತುವುದು. ಈ ಆರನ್ನೂ ಎರಡೂ ಕಡೆ ನೋಡಿ, ಒಂದೊಂದಕ್ಕೆ 0ರಿಂದ 5 ಅಂಕ ಕೊಡಿ (ಸ್ನಾಯು ಮಿಡುಕದಿದ್ದರೆ 0, ಪೂರ್ಣ ಬಲವಿದ್ದರೆ 5). ಒಟ್ಟು 60. ಮೊತ್ತ 48ಕ್ಕಿಂತ ಕಡಿಮೆಯಾದರೆ ಐಸಿಯುನಿಂದ ಬಂದ ದೌರ್ಬಲ್ಯವೆಂದು ಹಿಡಿಯಬೇಕು. ಎರಡು ಕಡೆಗೂ ಅಂಕ ತೀರಾ ಬೇರೆ ಬಂದರೆ ಅದು ಐಸಿಯು ದೌರ್ಬಲ್ಯದ ಲಕ್ಷಣವಲ್ಲ. ಪಾರ್ಶ್ವವಾಯುವೋ ನರದ ಪೆಟ್ಟೋ ಇರಬಹುದು, ಡಾಕ್ಟರಿಗೆ ತಕ್ಷಣ ತಿಳಿಸಿ.

ಹಂತ 3: ಇನ್ನೂ ಎಚ್ಚರವಿಲ್ಲದವರಿಗೆ

ಭುಜದಿಂದ ಬೆರಳಿನವರೆಗೆ, ಸೊಂಟದಿಂದ ಪಾದದವರೆಗೆ ಪ್ರತಿ ಕೀಲನ್ನೂ 5ರಿಂದ 10 ಸಲ, ದಿನಕ್ಕೆ ಎರಡು ಹೊತ್ತು ನಿಧಾನವಾಗಿ ಆಡಿಸಿ. ಕೀಲಿನ ಮೇಲೊಂದು ಕೈ, ಕೆಳಗೊಂದು ಕೈ ಇರಲಿ. ಇದರಿಂದ ಬಲ ಬರುವುದಿಲ್ಲ, ಕೀಲು ಬಿಗಿಯದಂತೆ ಕಾಯುತ್ತದೆ ಅಷ್ಟೆ. ಆದ್ದರಿಂದ ಎಚ್ಚರವಾದ ರೋಗಿಗೂ ಇದನ್ನೇ ಮಾಡಿ "ಫಿಜಿಯೋ ಆಯಿತು" ಎಂದು ಕೇಸ್‌ಶೀಟಿನಲ್ಲಿ ಟಿಕ್ ಹಾಕಬೇಡಿ.

ಎಲ್ಲಕ್ಕಿಂತ ಬೇಗ ಕೆಡುವುದು ಪಾದ. ಹೊದಿಕೆಯ ಭಾರಕ್ಕೇ ಪಾದ ಕೆಳಗೆ ಬಾಗಿ, ಮೀನಖಂಡದ ಸ್ನಾಯು ಬಿಗಿದು, ಮುಂದೆ ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ಪಾದ 90 ಡಿಗ್ರಿಯಲ್ಲಿ ನಿಲ್ಲುವಂತೆ ಸ್ಪ್ಲಿಂಟ್ ಅಥವಾ ಗಟ್ಟಿಯಾಗಿ ಸುತ್ತಿದ ದಿಂಬು ಕೊಡಿ. ಹಿಮ್ಮಡಿ ಮಾತ್ರ ಗಾಳಿಯಲ್ಲಿರಲಿ, ಇಲ್ಲದಿದ್ದರೆ ಅಲ್ಲೇ ಹುಣ್ಣಾಗುತ್ತದೆ. ಮಂಡಿಯ ಕೆಳಗೆ ದಿನವಿಡೀ ದಿಂಬಿಡುವ ಅಭ್ಯಾಸ ಬಹಳ ಕಡೆ ಇದೆ. ರೋಗಿಗೆ ಹಾಯೆನಿಸಿದರೂ ಮಂಡಿ ಮಡಿಸಿದಂತೆಯೇ ಬಿಗಿಯುತ್ತದೆ, ತೆಗೆಯಿರಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೇಡವೆಂದು ಡಾಕ್ಟರ್ ಹೇಳದ ಹೊರತು ತಲೆಭಾಗ 30 ಡಿಗ್ರಿಗಿಂತ ಕೆಳಗಿಳಿಸಬೇಡಿ.

ಹಂತ 4: ಮಂಚದ ಅಂಚಿಗೆ ಕೂರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಲಾಭವೂ ಹೆಚ್ಚು ಅಪಾಯವೂ ಇರುವುದು ಇಲ್ಲಿ. ಅವಸರ ಬೇಡ. ಹತ್ತು ನಿಮಿಷ ಕೂರಿಸಲು ಹದಿನೈದು ನಿಮಿಷದ ತಯಾರಿ ಹಿಡಿಯುತ್ತದೆ.

ವೆಂಟಿಲೇಟರ್ ಇರುವ ಕಡೆಗೇ ರೋಗಿಯನ್ನು ಇಳಿಸಿ, ಆಗ ಪೈಪ್ ಎಳೆಯುವುದಿಲ್ಲ. ತುಟಿಯ ಬಳಿ ಟ್ಯೂಬ್ ಎಷ್ಟು ಸೆಂಟಿಮೀಟರ್ ಗುರುತಿನಲ್ಲಿದೆ ಎಂದು ಓದಿ ಬರೆದಿಡಿ. ಕಟ್ಟಿದ ಪಟ್ಟಿ ಸಡಿಲವಿದ್ದರೆ ಈಗಲೇ ಬಿಗಿಮಾಡಿ. ಕಫ್‌ನ (ಟ್ಯೂಬಿನ ತುದಿಯ ಬಲೂನಿನ) ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿರಲಿ. ಬೇಕಿದ್ದರೆ ಸಕ್ಷನ್ ಮಾಡಿ (ಕಫ ಹೀರಿ ತೆಗೆಯಿರಿ), ಒಂದು ಸಲಕ್ಕೆ 15 ಸೆಕೆಂಡ್ ಮೀರಬಾರದು. ಮೂತ್ರದ ಚೀಲವನ್ನು ಖಾಲಿ ಮಾಡಿ ರೋಗಿ ಇಳಿಯುವ ಬದಿಗೆ ತನ್ನಿ. ಆಚೆ ಬದಿಯ ಕಂಬಿಗೇ ನೇತುಬಿಟ್ಟು ಎಬ್ಬಿಸಿದರೆ ಕ್ಯಾತಿಟರ್ (ಮೂತ್ರದ ನಳಿಕೆ) ಎಳೆದು ರಕ್ತ ಬರುತ್ತದೆ. ಐಸಿಯುಗಳಲ್ಲಿ ಪದೇ ಪದೇ ಆಗುವ ಮರೆವು ಇದು. ಎದೆಯ ಡ್ರೈನ್ ಬಾಟಲಿ ಎದೆಗಿಂತ ಕೆಳಗಿರಲಿ, ಪೈಪಿಗೆ ಕ್ಲಾಂಪ್ ಹಾಕಬೇಡಿ. ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಹಾಕಿದ ನಳಿಕೆ) ಒಂದೇ ಸಲಕ್ಕೆ ಹೊಟ್ಟೆ ತುಂಬ ಆಹಾರ ಕೊಟ್ಟಿದ್ದರೆ ಒಂದು ಗಂಟೆ ಬಿಡಿ.

ಮೂವರು ನಿಲ್ಲಬೇಕು. ಒಬ್ಬರು ತಲೆಯ ಬಳಿ, ಅವರ ಒಂದು ಕೈ ಸದಾ ಟ್ಯೂಬಿನ ಮೇಲೆ. ಸೂಚನೆ ಕೊಡುವವರೂ ಇವರೇ. ಇನ್ನೊಬ್ಬರು ರೋಗಿಯ ಎದುರು. ಮೂರನೆಯವರು ಡ್ರಿಪ್, ಪೈಪ್, ಮಾನಿಟರ್ ನೋಡಿಕೊಳ್ಳಲಿ. ಮೂವರೂ "ಒಂದು, ಎರಡು, ಮೂರು" ಎನ್ನುವ ಪದ್ಧತಿ ಬೇಡ, ಎಣಿಸುವುದು ಒಂದೇ ದನಿಯಾಗಿರಲಿ.

ಮೊದಲು ತಲೆಭಾಗವನ್ನು 45 ಡಿಗ್ರಿಗೆ ಏರಿಸಿ ಐದು ನಿಮಿಷ ಬಿಟ್ಟು ಬಿಪಿ ನೋಡಿ. ಸರಿಯಿದ್ದರೆ ಮಂಡಿ ಮಡಿಸಿ, ಮಗ್ಗುಲಿಗೆ ಹೊರಳಿಸಿ, ಕಾಲು ಮಂಚದಿಂದ ಕೆಳಗಿಳಿಯುತ್ತಿದ್ದ ಹಾಗೆಯೇ ಬೆನ್ನನ್ನು ಮೇಲಕ್ಕೆ ತನ್ನಿ. ಕಾಲಿನ ಭಾರವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಪಾದ ಜೋತಾಡಬಾರದು, ನೆಲ ಎಟುಕದಿದ್ದರೆ ಕಾಲುಮಣೆ ಇಡಿ. ಎದುರಿಗಿರುವವರು ತಮ್ಮ ಮಂಡಿಯಿಂದ ರೋಗಿಯ ಮಂಡಿಗೆ ಆನಿಸಿಕೊಟ್ಟರೆ ರೋಗಿ ಮುಂದಕ್ಕೆ ಜಾರುವುದಿಲ್ಲ. ತಲೆ ಮುಂದಕ್ಕೆ ಬಿದ್ದರೆ ಟ್ಯೂಬ್ ಮಡಚಿ ವೆಂಟಿಲೇಟರ್ ಅಲಾರಂ ಕೂಗುತ್ತದೆ. ಆಗ ಗದ್ದಕ್ಕೆ ಅಂಗೈ ಕೊಟ್ಟು ಎತ್ತಿ ಹಿಡಿಯಿರಿ.

ಕೂತ ಒಂದನೇ ನಿಮಿಷಕ್ಕೆ ಮತ್ತು ಮೂರನೇ ನಿಮಿಷಕ್ಕೆ ಬಿಪಿ ನೋಡಿ. ಮೇಲಿನ ಬಿಪಿ 20 ಇಳಿದು ತಲೆಸುತ್ತು ಬಂದರೆ ಪಾದ ಮೇಲೆ ಕೆಳಗೆ ಆಡಿಸಲು ಹೇಳಿ, ಒಂದು ನಿಮಿಷದಲ್ಲಿ ಸರಿಹೋಗದಿದ್ದರೆ ಮಲಗಿಸಿ. ಧಮನಿಯಲ್ಲಿ ಲೈನ್ ಹಾಕಿ ಬಿಪಿ ನೋಡುತ್ತಿದ್ದರೆ ಒಂದು ಮೋಸ ಗಮನದಲ್ಲಿರಲಿ. ರೋಗಿ ಎದ್ದು ಕೂತರೂ ಟ್ರಾನ್ಸ್‌ಡ್ಯೂಸರ್ (ಲೈನಿನ ಒತ್ತಡ ಅಳೆಯುವ ಸಾಧನ) ಮೊದಲಿನ ಮಟ್ಟದಲ್ಲೇ ಕೆಳಗೆ ಉಳಿದರೆ, ಎದೆಗಿಂತ ಪ್ರತಿ 10 ಸೆಂಟಿಮೀಟರ್ ಕೆಳಗಿದ್ದಷ್ಟಕ್ಕೂ ಬಿಪಿ ಸುಮಾರು 7 ಅಂಕ ಹೆಚ್ಚಾಗಿ ತೋರಿಸುತ್ತದೆ. ಬಿದ್ದ ಬಿಪಿ ಸರಿಯಿರುವಂತೆ ಕಾಣುತ್ತದೆ. ಟ್ರಾನ್ಸ್‌ಡ್ಯೂಸರನ್ನು ಎದೆಮಟ್ಟಕ್ಕೆ ಏರಿಸಿ ಮತ್ತೆ ಸೊನ್ನೆ ಮಾಡಿ. ಹಾಗೆಯೇ ರೋಗಿ ಬೆರಳು ಬಿಗಿ ಹಿಡಿದಾಗ ಸ್ಯಾಚುರೇಶನ್ ಸುಳ್ಳೇ ಇಳಿಯುತ್ತದೆ. ಪರದೆಯ ಅಲೆ ಸರಿಯಾಗಿದೆಯೇ ನೋಡಿ, ಜೊತೆಗೇ ರೋಗಿಯ ತುಟಿಯ ಬಣ್ಣ ನೋಡಿ.

ಮೊದಲ ದಿನ 5 ನಿಮಿಷ, ತಾಳಿಕೊಂಡರೆ 10, ಆಮೇಲೆ 20. ಸುಮ್ಮನೆ ಕೂರಿಸಬೇಡಿ. ಒದ್ದೆ ಟವೆಲ್ ಕೈಗೆ ಕೊಟ್ಟು ತಮ್ಮ ಮುಖ ತಾವೇ ಒರೆಸಿಕೊಳ್ಳಲಿ, ಬಾಚಣಿಗೆ ಕೊಡಿ, ಬದಿಗಿಟ್ಟ ಲೋಟಕ್ಕೆ ಕೈ ಚಾಚಲಿ. ಮಂಡಿ ನೇರ ಮಾಡಿ ಮೂರು ಎಣಿಸುವವರೆಗೆ ಹಿಡಿಯುವುದು, ಒಂದೊಂದು ಕಾಲಿಗೆ 8 ಸಲ.

ಸ್ಯಾಚುರೇಶನ್ 88ಕ್ಕಿಂತ ಕೆಳಗಿಳಿದರೆ, ಉಸಿರು 40 ದಾಟಿದರೆ, ಎದೆಬಡಿತ ಅಥವಾ ಬಿಪಿ ಮೇಲೆ ಹೇಳಿದ ಮಿತಿ ಮೀರಿದರೆ, ರೋಗಿ ನಿಲ್ಲಿಸಿ ಎಂದು ಸನ್ನೆ ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಎಷ್ಟೋ ಸಲ ಮಾನಿಟರಿಗಿಂತ ಮುಂಚೆ ಮುಖ ಹೇಳುತ್ತದೆ: ಹಣೆಯಲ್ಲಿ ತಣ್ಣನೆ ಬೆವರು, ಮೇಲಿಂದ ಮೇಲೆ ಆಕಳಿಕೆ, ಒಂದೇ ಕಡೆ ನೆಟ್ಟ ನೋಟ. ಮತ್ತೆ ಮಲಗಿಸಿದ ಮೇಲೆ ಟ್ಯೂಬಿನ ಗುರುತನ್ನು ಇನ್ನೊಮ್ಮೆ ಓದಿ, ಎರಡೂ ಕಡೆ ಎದೆ ಸಮನಾಗಿ ಏರುತ್ತಿದೆಯೇ ನೋಡಿ.

ಹಂತ 5: ನಿಲ್ಲುವುದು, ಕುರ್ಚಿ, ನಡಿಗೆ

ಮಂಡಿ ನೇರ ಮಾಡಿ ಗುರುತ್ವದ ಎದುರು ಹಿಡಿಯಲು ಬಂದರೆ ನಿಲ್ಲಿಸಲು ನೋಡಬಹುದು. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಸ್ನಾಯು ಜೋಲು ಬಿದ್ದ ಭುಜ ಹಾಗೆ ಎಳೆದರೆ ಸಡಿಲಗೊಂಡು, ಬೇರೆಲ್ಲ ವಾಸಿಯಾದ ಮೇಲೂ ನೋವು ಉಳಿಯುತ್ತದೆ. ಸೊಂಟಕ್ಕೆ ಬೆಲ್ಟ್ ಕಟ್ಟಿ ಹಿಡಿಯಿರಿ, ಬೆಲ್ಟ್ ಇಲ್ಲದಿದ್ದರೆ ಹತ್ತಿಯ ಬೆಡ್‌ಶೀಟನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಕಟ್ಟಿ. ಕಾಲುಚೀಲ ತೆಗೆಯಿರಿ, ಟೈಲ್ಸ್ ಮೇಲೆ ಜಾರುತ್ತದೆ. ಒಣಗಿದ ನೆಲದಲ್ಲಿ ಬರಿಗಾಲೇ ವಾಸಿ.

ಮಂಚ ಎತ್ತರವಿದ್ದಷ್ಟೂ ಏಳುವುದು ಸುಲಭ. ಮೊದಲು ಸೊಂಟ ಮಂಡಿಗಿಂತ ಮೇಲಿರುವಷ್ಟು ಎತ್ತರದಿಂದ ಶುರು ಮಾಡಿ, ದಿನಕ್ಕೆ ಒಂದೆರಡು ಇಂಚು ಇಳಿಸುತ್ತಾ ಪ್ಲಾಸ್ಟಿಕ್ ಕುರ್ಚಿಯ ಮಟ್ಟಕ್ಕೆ ತನ್ನಿ. ಪಾದ ಹಿಂದಕ್ಕೆ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಆಮೇಲೆ ಏಳುವುದು. ಹಿಂದಕ್ಕೆ ವಾಲಿಕೊಂಡೇ ಏಳಲು ಹೋದರೆ ಎಷ್ಟು ಬಲವಿದ್ದರೂ ಏಳಲಾಗುವುದಿಲ್ಲ. ಒಂದು ಹೊತ್ತಿಗೆ 3ರಿಂದ 5 ಸಲ, ನಡುವೆ ಒಂದು ನಿಮಿಷ ವಿಶ್ರಾಂತಿ. ಕುರ್ಚಿಯಲ್ಲಿ ಕೂತವರನ್ನು ಒಂದು ಗಂಟೆಗಿಂತ ಹೆಚ್ಚು ಹಾಗೇ ಬಿಡಬೇಡಿ, ಕೂತಲ್ಲೇ ಹುಣ್ಣಾಗುತ್ತದೆ.

ನಿಂತಲ್ಲೇ ಹತ್ತು ಹೆಜ್ಜೆ ಎತ್ತಿಡಲು ಬಂದರೆ ವಾಕರ್ ಕೊಡಿ. ಹಿಂದೆಯೇ ಒಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಬರಲಿ. ನೆಲದ ಟೈಲ್ಸ್ ಎಣಿಸಿದರೆ ದೂರದ ಲೆಕ್ಕ ಸಿಗುತ್ತದೆ. ಎರಡಡಿಯ ಹದಿನೈದು ಟೈಲ್ಸ್ ಎಂದರೆ 30 ಅಡಿ. ನಿನ್ನೆಗಿಂತ ಮೂರು ಟೈಲ್ಸ್ ಹೆಚ್ಚು ನಡೆದಿದ್ದು ರೋಗಿಗೂ ಗೊತ್ತಾಗುತ್ತದೆ, ಮನೆಯವರಿಗೂ ಗೊತ್ತಾಗುತ್ತದೆ.

ಆಕ್ಸಿಜನ್ ಮೇಲೆ ನಡೆಸುವುದಾದರೆ ಸಿಲಿಂಡರ್ ಲೆಕ್ಕ ಮೊದಲು. ಬಿ ಟೈಪ್ ಸಿಲಿಂಡರಿನೊಳಗೆ ಹಿಡಿಯುವ ನೀರಿನ ಅಳತೆ ಸುಮಾರು 10 ಲೀಟರ್. ಗೇಜ್‌ನಲ್ಲಿ 150 ಬಾರ್ ಇದ್ದರೆ 1,500 ಲೀಟರ್ ಆಕ್ಸಿಜನ್, 50 ಇದ್ದರೆ 500. ನಿಮಿಷಕ್ಕೆ 10 ಲೀಟರ್ ಹರಿಸಿದರೆ 500 ಲೀಟರ್ 50 ನಿಮಿಷಕ್ಕೆ ಮುಗಿಯುತ್ತದೆ. ಅದರಲ್ಲಿ ಅರ್ಧವನ್ನು ಮಾತ್ರ ನಂಬಿ, ಉಳಿದದ್ದು ಆಪತ್ತಿಗೆ.

ನಮ್ಮ ಜಿಲ್ಲೆಗಳ ರೋಗಿಗಳಿಗೆ ಬೇಕಾದ ಎಚ್ಚರ

*ಕೀಟನಾಶಕ ಸೇವನೆ.* ಟೊಮೆಟೊ, ತರಕಾರಿ ಬೆಳೆಯುವ ಸೀಮೆಯಲ್ಲಿ ಔಷಧದ ಡಬ್ಬಿ ಎಲ್ಲರ ಕೈಗೂ ಎಟುಕುವಂತಿದೆ. ಆರ್ಗನೋಫಾಸ್ಫರಸ್ (ಒಂದು ಬಗೆಯ ಕೀಟನಾಶಕ) ವಿಷದಲ್ಲಿ ಮೊದಲ ಗಂಡಾಂತರ ಕಳೆದು ಎಲ್ಲರೂ ನಿರಾಳರಾದ ಹೊತ್ತಿಗೆ, 24ರಿಂದ 96 ಗಂಟೆಗಳ ನಡುವೆ ಕುತ್ತಿಗೆ, ಭುಜ, ತೊಡೆ, ಉಸಿರಾಟದ ಸ್ನಾಯುಗಳು ಸೋಲಬಹುದು. ಹೊತ್ತು ಹೊತ್ತಿಗೂ ರೋಗಿಯ ತಲೆಯ ಕೆಳಗೆ ಬೆರಳಿಟ್ಟು "ದಿಂಬಿನಿಂದ ತಲೆ ಎತ್ತಿ" ಎನ್ನಿ. ಬೆಳಿಗ್ಗೆ ಐದು ಸೆಕೆಂಡ್ ಎತ್ತಿ ಹಿಡಿದವರು ಸಂಜೆ ಎತ್ತಲಾಗದೆ ಹೋದರೆ ವ್ಯಾಯಾಮ ಬಿಟ್ಟು ಡಾಕ್ಟರನ್ನು ಕರೆಯಿರಿ, ಉಸಿರು ಸೋಲುವ ಮುನ್ಸೂಚನೆ ಅದು. ಇವರಿಗೆ ವಿಷಕ್ಕೆ ಮದ್ದಾಗಿ ಅಟ್ರೊಪಿನ್ ಹೋಗುತ್ತಿರುವುದರಿಂದ ಎದೆಬಡಿತ ಮೊದಲೇ ಜೋರಾಗಿರುತ್ತದೆ, ಗಲಿಬಿಲಿಯೂ ಇರುತ್ತದೆ. ಎಷ್ಟು ಬಡಿತದವರೆಗೆ ಸರಿ ಎಂದು ಡಾಕ್ಟರಿಂದಲೇ ಬರೆಸಿಕೊಳ್ಳಿ.

*ಹಾವು ಕಡಿತ.* ಕಟ್ಟುಹಾವು, ನಾಗರಹಾವಿನ ವಿಷದಲ್ಲೂ ಕುತ್ತಿಗೆ ಎತ್ತಿಸಿ ನೋಡುವುದು ಮುಖ್ಯ ಪರೀಕ್ಷೆ. ಮಂಡಲದ ಹಾವು ಕಡಿದು ಊದಿದ ಕಾಲನ್ನು, ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆ ಸರಿಬಂದು ಡಾಕ್ಟರ್ ಹೇಳುವವರೆಗೆ ಮಡಿಸಿ ನೀಡಿ ಮಾಡಬೇಡಿ. ಬೇರೆ ಕೈಕಾಲಿಗೆ ವ್ಯಾಯಾಮ ನಡೆಯಲಿ.

*ಫ್ಲೋರೋಸಿಸ್.* ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರು ಕುಡಿದೇ ವಯಸ್ಸಾದವರ ಬೆನ್ನು, ಕುತ್ತಿಗೆ, ಮಂಡಿ ಮೊದಲೇ ಬಿಗಿದಿರಬಹುದು. ಕೀಲು ಐಸಿಯುನಲ್ಲಿ ಬಿಗಿಯಿತೆಂದು ತಿಳಿದು ಒತ್ತಿ ನೀಡಲು ಹೋದರೆ ಮೂಳೆ ಮುರಿಯಬಹುದು, ಬೆನ್ನುಹುರಿಗೆ ಪೆಟ್ಟಾಗಬಹುದು. ಮನೆಯವರನ್ನು ಕೇಳಿ: ಮುಂಚೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರಾ? ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದರಾ? ಮುಂಚೆ ಇದ್ದಷ್ಟೇ ನಿಮ್ಮ ಗುರಿ.

*ತೆಂಗಿನ ಮರದಿಂದ ಬಿದ್ದವರು, ಹೆದ್ದಾರಿ ಅಪಘಾತ.* ತಿಪಟೂರು, ತುರುವೇಕೆರೆ, ಗುಬ್ಬಿಯ ಕಡೆಯಿಂದ ಬೆನ್ನುಮೂಳೆ ಮುರಿದವರೂ, 44, 48, 75ನೇ ಹೆದ್ದಾರಿಗಳಿಂದ ತಲೆಗೆ ಪೆಟ್ಟಾದವರೂ ಬರುತ್ತಾರೆ. ಬೆನ್ನುಮೂಳೆ ಭದ್ರವೆಂದು ಲಿಖಿತವಾಗಿ ತಿಳಿಯುವವರೆಗೆ ನಾಲ್ವರು ಸೇರಿ ದಿಮ್ಮಿಯಂತೆ ಒಟ್ಟಿಗೇ ಹೊರಳಿಸಿ, ತಲೆಭಾಗ ಮಡಿಸಿ ಏರಿಸಬೇಡಿ. ತಲೆಗೆ ಪೆಟ್ಟಾದವರ ಕುತ್ತಿಗೆ ನೇರವಾಗಿರಲಿ, ಪಕ್ಕಕ್ಕೆ ವಾಲಿದರೆ ತಲೆಯಿಂದ ರಕ್ತ ಇಳಿಯುವುದಕ್ಕೆ ತಡೆಯಾಗಿ ಒತ್ತಡ ಏರುತ್ತದೆ.

ಹೊಟ್ಟೆಗೆ ಬೀಳದೆ ಸ್ನಾಯು ಬೆಳೆಯದು

ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 1.3 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ರೋಗಿಗೆ 65 ಗ್ರಾಂ. ಮನೆಯವರು ಪ್ರೀತಿಯಿಂದ ತರುವ ಒಂದು ಲೋಟ ರಾಗಿ ಗಂಜಿಯಲ್ಲಿ, 30 ಗ್ರಾಂ ಹಿಟ್ಟು ಹಾಕಿದ್ದರೆ, ಸಿಗುವುದು ಎರಡು ಗ್ರಾಂ ಚಿಲ್ಲರೆ ಮಾತ್ರ. ಗಂಜಿ ಬೇಡವೆನ್ನಬೇಡಿ. ನೀರಿನ ಬದಲು ಹಾಲಲ್ಲಿ ಕಾಯಿಸಲು ಹೇಳಿ, 200 ಮಿಲಿಗೆ ಆರು ಗ್ರಾಂ ಸೇರುತ್ತದೆ. ಒಂದು ಮೊಟ್ಟೆಗೆ ಇನ್ನಾರು ಗ್ರಾಂ. ಬೇಳೆ ಕಟ್ಟು ಬರೀ ತಿಳಿಯಾಗಿದ್ದರೆ ಪ್ರಯೋಜನವಿಲ್ಲ, ಬೇಳೆಯನ್ನೂ ನುಣ್ಣಗೆ ಅರೆದು ಸೋಸಬೇಕು. ಕಿಡ್ನಿ, ಲಿವರ್ ತೊಂದರೆ ಇದ್ದವರಿಗೆ ಪ್ರಮಾಣ ಡಾಕ್ಟರ್ ಹೇಳಿದಂತೆ. ನುಂಗುವುದು ಸರಿಯಿದೆಯೆಂದು ಪರೀಕ್ಷಿಸದೆ ಟ್ಯೂಬ್ ತೆಗೆದ ದಿನವೇ ಬಾಯಿಗೆ ನೀರು ಹಾಕಬಾರದು.

ಐಸಿಯುನಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ

ಪಡೆದ ಬಲ ಹೆಚ್ಚಾಗಿ ಕಳೆದುಹೋಗುವುದು ವಾರ್ಡಿಗೆ ಹೋದ ಮೊದಲ ದಿನಗಳಲ್ಲಿ. ಅಲ್ಲಿ ಎಬ್ಬಿಸುವವರಿಲ್ಲ, "ಪಾಪ, ಮಲಗಲಿ ಬಿಡಿ" ಎನ್ನುವ ನೆಂಟರೇ ಹೆಚ್ಚು. ಆದ್ದರಿಂದ ದಿನದ ಕಡೆಗೆ ಒಂದು ಸಾಲು ಬರೆಯುವ ರೂಢಿ ಐಸಿಯುನಲ್ಲೇ ಇರಲಿ: ಎಲ್ಲಿಯವರೆಗೆ ಹೋದರು, ಎಷ್ಟು ನಿಮಿಷ, ಎಷ್ಟು ಜನರ ಸಹಾಯ, ಏಕೆ ನಿಲ್ಲಿಸಿದಿರಿ. "ಅಂಚಿಗೆ ಕೂತರು, 12 ನಿಮಿಷ, ಇಬ್ಬರ ಸಹಾಯ, ಉಸಿರು 36 ಆಗಿ ದಣಿದರು" ಎಂದಿದ್ದರೆ ವಾರ್ಡಿನವರು ಅಲ್ಲಿಂದಲೇ ಮುಂದುವರಿಸಬಹುದು. "ಫಿಜಿಯೋ ಮಾಡಿದೆ" ಎಂದಷ್ಟೇ ಇದ್ದರೆ ಮತ್ತೆ ಮೊದಲಿಂದ.

ಮನೆಯ ಗುರಿಯನ್ನು ಮನೆಯವರನ್ನೇ ಕೇಳಿ ಗೊತ್ತುಮಾಡಿ. ಪಾಯಿಖಾನೆ ನೆಲದ್ದಾ, ಕಮೋಡಾ? ಹೊಸ್ತಿಲು ಎಷ್ಟು ಎತ್ತರ? ಊಟ ನೆಲದ ಮೇಲಾ? ಕುಕ್ಕರುಗಾಲಲ್ಲಿ ಕೂತು ಏಳುವ ಬಲ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಪಾಯಿಖಾನೆಯ ಮೇಲೆ ಇಟ್ಟು, ಅದರ ಕಾಲು ಜಾರದಂತೆ ರಬ್ಬರ್ ಬುಶ್ ಹಾಕಿಸಿ. ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಕುರ್ಚಿಯಿಂದ ಎದ್ದು ಕೂರುವುದು 5 ಸಲ, ವಾರಕ್ಕೆ ಎರಡೆರಡು ಹೆಚ್ಚಿಸುವುದು.

ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಇನ್ನೊಂದು ಚೀಟಿ ಕೊಡಿ. ಓದಲು ಬಾರದ ಮನೆಯಾದರೆ ಶಾಲೆಗೆ ಹೋಗುವ ಮಗುವಿಗೆ ತೋರಿಸಿ ಓದಿಸಿ. ಮೀನಖಂಡ ಒಂದೇ ಕಡೆ ಊದಿ ನೋವಾದರೆ, ನಡೆಯುವಾಗ ಹೊಸದಾಗಿ ಉಸಿರು ಕಟ್ಟಿದರೆ, ನುಂಗುವಾಗ ಪ್ರತಿ ಸಲ ಕೆಮ್ಮು ಬಂದರೆ, ರಾತ್ರಿ ಬೆಚ್ಚಿ ಎದ್ದು ನಿದ್ದೆಯೇ ಬಾರದಿದ್ದರೆ ಆಸ್ಪತ್ರೆಗೆ ಬರಬೇಕೆಂದು ಬರೆಯಿರಿ. ಕೀಟನಾಶಕ ಕುಡಿದು ಬದುಕಿದವರ ಚೀಟಿಯಲ್ಲಿ ಇನ್ನೂ ಒಂದು ಮಾತು ಸೇರಿಸಿ: ಎರಡು ಮೂರು ವಾರವಾದ ಮೇಲೆ ಪಾದ ಜುಮ್ಮೆಂದು, ಚಪ್ಪಲಿ ಕಾಲಿನಿಂದ ಜಾರತೊಡಗಿದರೆ ಅದು ವಿಷದಿಂದಲೇ ತಡವಾಗಿ ಬರುವ ನರದ ತೊಂದರೆಯಿರಬಹುದು, ಆಯಾಸವೆಂದು ಸುಮ್ಮನಿರದೆ ಅದೇ ವಾರ ತೋರಿಸಿ.